ಕಂಡಕ್ಟರಮ್ಮನ ಮುಂದಿನ ಕೋಣೆ

ಕಂಡಕ್ಟರಮ್ಮ ಸೀಟಿ ಊದಿದವಳೇ ಅಲ್ಲ. ಅಂಥ ಗಂಟಲಿರುವಾಗ ಸೀಟಿ ಯಾಕೆ ಬೇಕು? ಅವಳು ಪೇಟೆಯ ನಿಲ್ದಾಣದಲ್ಲಿ ನಿಂತು ಒಮ್ಮೆ "ಹೊರಡ್ತು" ಅಂದರೆ ಮೂರು ಊರಿನಾಚೆ ಜನ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಐವತ್ತು ಜನ ಕೂರುವ ಬಸ್ಸಿಗೆ ನೂರೈವತ್ತು ಜನರನ್ನೂ, ಅವರ ಮೂಟೆಗಳನ್ನೂ, ಕೋಳಿಗಳನ್ನೂ, ಒಮ್ಮೆ ಕನ್ನಡಿ ಸಮೇತ ಒಂದು ಬೀರುವನ್ನೂ ತುಂಬಿಸಿ, ಆಮೇಲೂ ಬಾಗಿಲಲ್ಲಿ ನೇತಾಡುವವನಿಗೆ "ಒಳಗೆ ಜಾಗ ಇದೆ, ಮುಂದೆ ಹೋಗಿ" ಅನ್ನುತ್ತಿದ್ದಳು. ಅದು ಲೋಕದಲ್ಲೇ ಅತಿ ದೊಡ್ಡ ಸುಳ್ಳು. ಆದರೆ ಅವಳು ಹೇಳಿದಳು ಅಂದ ಮೇಲೆ ಜನ ಹೊಟ್ಟೆ ಒಳಗೆಳೆದುಕೊಂಡು ಸರಿಯುತ್ತಿದ್ದರು, ಸುಳ್ಳು ನಿಜವಾಗುತ್ತಿತ್ತು.

ಇಂಥವಳಿಗೆ ಸ್ವಂತ ಮನೆಯಲ್ಲಿ ಕಾಲು ಊರಲು ಜಾಗವಿರಲಿಲ್ಲ.

ಕಾರಣ ಅತ್ತೆ. ಅತ್ತೆ ಮತ್ತು ಚರ್ಚಿನ ಪಾದ್ರಿ ಸೇರಿ ಹಿಂದೊಮ್ಮೆ 'ನೆರೆಮನೆ' ಅಂತ ಒಂದು ಸೇವಾಸಂಸ್ಥೆ ಹುಟ್ಟುಹಾಕಿದ್ದರು. ಸುತ್ತಲ ಹಳ್ಳಿಗಳಲ್ಲಿ ಗಂಡ ಹಾಸಿಗೆ ಹಿಡಿದ ಮನೆ, ಗುಡಿಸಲು ಸುಟ್ಟುಹೋದ ಮನೆ, ಹಸಿ ಬಾಣಂತಿಯೊಬ್ಬಳೇ ಉಳಿದ ಮನೆ ಎಲ್ಲಿದ್ದರೂ ಪಾದ್ರಿಯ ಕೆಮ್ಮುವ ವ್ಯಾನು ಅಲ್ಲಿಗೆ ಹೋಗುತ್ತಿತ್ತು. ತೊಟ್ಟಿಲು, ಒಲೆ, ಕಂಬಳಿ, ಹಿಟ್ಟು ಇಳಿಸಿ ಬರುತ್ತಿತ್ತು. ಆ ಮನೆಗಳವರು ಆಸ್ಪತ್ರೆಗೋ ಕಚೇರಿಗೋ ಪೇಟೆಗೆ ಬಂದರೆ ನೆರೆಮನೆಯಲ್ಲಿ ಊಟ. ಇಷ್ಟೆಲ್ಲ ಇದ್ದರೂ ನೆರೆಮನೆಗೆ ಒಂದು ಮನೆ ಇರಲಿಲ್ಲ. ಶಾಲೆಯ ಜಗಲಿಯಿಂದ ಎಬ್ಬಿಸಿದರು, ಹಿಟ್ಟಿನ ಗಿರಣಿಯ ಹಿಂದಿನ ಕೋಣೆಗೆ ಬಂತು. ಗಿರಣಿ ಮಾರಾಟವಾಯಿತು, ಅತ್ತೆಯ ಮನೆಯ ಮುಂದಿನ ಕೋಣೆಗೆ ಬಂತು.

"ಒಂದು ವಾರದ ಮಟ್ಟಿಗೆ, ತಾಯಿ," ಅಂದಿದ್ದರು ಅತ್ತೆ.

ಆ ವಾರದಷ್ಟು ಉದ್ದದ ವಾರವನ್ನು ದೇವರು ಸೃಷ್ಟಿ ಮಾಡುವಾಗಲೂ ಕಂಡಿರಲಿಲ್ಲ. ಚಳಿಗಾಲ ಹೋಗಿ ಸೆಖೆ ಬಂದರೂ ಅದು ಮುಗಿಯಲಿಲ್ಲ. ಕೋಣೆಯ ಕಿಟಕಿ ಕಂಬಳಿಗಳ ಹಿಂದೆ ಮಾಯವಾಯಿತು. ತೊಟ್ಟಿಲುಗಳು ಒಂದರ ಮೇಲೊಂದು ಸೂರು ಮುಟ್ಟಿದವು. ಕಂಡಕ್ಟರಮ್ಮನ ಮದುವೆಯಲ್ಲಿ ಬಂದಿದ್ದ ಒಂದೇ ಒಂದು ಮೆತ್ತನೆ ಕುರ್ಚಿ ಹಿಟ್ಟಿನ ಮೂಟೆಗಳ ಅಡಿಯಲ್ಲಿ ಎಲ್ಲೋ ಇತ್ತು, ಬದುಕಿತ್ತೋ ಇಲ್ಲವೋ ಗೊತ್ತಿಲ್ಲ. ದಿನವಿಡೀ ನಿಂತೇ ದುಡಿಯುವವಳಿಗೆ ಸಂಜೆ ಆ ಕುರ್ಚಿಯೇ ಸ್ವರ್ಗವಾಗಿತ್ತು.

"ಬಸ್ಸಲ್ಲೂ ನಿಲ್ಬೇಕು, ಮನೇಲೂ ನಿಲ್ಬೇಕು," ಅಂದಳು ಒಂದು ಸಂಜೆ, ತೊಟ್ಟಿಲುಗಳ ನಡುವೆ ಅಡ್ಡಡ್ಡ ನಡೆದು ಅಡುಗೆಮನೆ ಸೇರಿ. "ಅತ್ತೆ, ನಾನು ಕೊನೇ ಸಲ ಕೂತಿದ್ದು ಯಾವಾಗ, ಹೇಳಿ ನೋಡೋಣ."

"ಭಾನುವಾರ ಚರ್ಚಲ್ಲಿ," ಅಂದರು ಅತ್ತೆ, ಆಲೂಗಡ್ಡೆ ಸುಲಿಯುತ್ತ. "ಕೂತೆ, ನಿದ್ದೆನೂ ಮಾಡ್ದೆ. ಗೊರಕೆಗೆ ಪಾದ್ರಿ ಎರಡು ಸಲ ಪ್ರಸಂಗ ನಿಲ್ಸಿದ್ರು."

"ನನ್ನ ಮಂಚದ ಮೇಲೆ ಒಲೆಗಳಿವೆ," ಅಂದಳು ಮಗಳು. ಅವಳಿಗೆ ಪರೀಕ್ಷೆ ಹತ್ತಿರವಿತ್ತು. "ನಿನ್ನೆ ಒಂದು ಒಲೆ ಪಕ್ಕ ಮಲ್ಗಿದ್ದೆ. ಕನಸಲ್ಲಿ ಬೆಂದುಹೋದೆ."

"ನಿಮ್ಮಪ್ಪನ್ನ ಕೇಳು. ಹಿತ್ತಲ ಶೆಡ್ಡು ಇದೆಯಲ್ಲ, ಆನೆ ಕಟ್ಟೋವಷ್ಟು," ಅಂದಳು ಕಂಡಕ್ಟರಮ್ಮ.

ಗಂಡ ಬಡಗಿ. ಗಂಜಿಯ ಬಟ್ಟಲಿನಿಂದ ತಲೆ ಎತ್ತದೆ ಹೇಳಿದ: "ಶೆಡ್ಡಲ್ಲಿ ಮರ ಇದೆ."

ಮರ ಇತ್ತು ಅಂದರೆ ಕಾಡೇ ಇತ್ತು. ಅವನ ತಾತ ಕೊಂಡ ತೊಲೆ, ಅಪ್ಪ ಕೊಂಡ ಹಲಗೆ, ಯಾರೋ ಎಸೆದ ಕಿಟಕಿಯ ಚೌಕಟ್ಟು, ಮುಳುಗಿದ ದೋಣಿಯೊಂದರ ಅರ್ಧ. ಯಾವುದನ್ನು ಮುಟ್ಟಿದರೂ "ಅದು ಮುಂದೆ ಒಂದಿನ ಬೇಕಾಗತ್ತೆ" ಅನ್ನುತ್ತಿದ್ದ. ಅವನು ಈಗ ಮಾಡುತ್ತಿದ್ದದ್ದು ಬರೀ ಇಟ್ಟಿಗೆಯ ಅಚ್ಚು. ಊರಾಚೆ ಇಟ್ಟಿಗೆ ಗೂಡುಗಳ ಧಣಿಯೊಬ್ಬನಿದ್ದ, ಅವನಿಗೆ ವರ್ಷವಿಡೀ ಮರದ ಅಚ್ಚು ಬೇಕು. ಆ ಅಚ್ಚಿನಿಂದಲೇ ಮನೆಯ ಒಲೆ ಉರಿಯುತ್ತಿತ್ತು. ಆ ಕೆಲಸಕ್ಕೆ ಶೆಡ್ಡಿನ ಒಂದು ಮೂಲೆ ಸಾಕಿತ್ತು. ಉಳಿದದ್ದು ಆ 'ಒಂದಿನ'ಕ್ಕೆ ಮೀಸಲು.

"ಆ ಒಂದಿನ ಬರೋವಷ್ಟರಲ್ಲಿ ನನ್ನ ಹೆಣ ಇಡೋಕೆ ಹಲಗೆ ಬೇಕಾಗತ್ತೆ, ಆಗಲಾದ್ರೂ ಕೊಡ್ತೀರೋ?"

"ನಿನ್ನ ಅಳತೆಗೆ ಒಂದು ತೆಗೆದಿಟ್ಟಿದೀನಿ," ಅಂದ ಗಂಡ. ಮಗಳು ನಕ್ಕಳು. ಕಂಡಕ್ಟರಮ್ಮ ಅವನ ಮುಂದಿನ ಬ್ರೆಡ್ಡನ್ನು ಎತ್ತಿಕೊಂಡು ನಿಂತೇ ತಿಂದಳು.

ನೆರೆಮನೆಯ ಊಟಕ್ಕೆ ಅತ್ತೆ ಒಂದು ಕಟ್ಟಳೆ ಮಾಡಿದ್ದರು. ಸಂಸ್ಥೆ ಎಷ್ಟು ಜಾಗ ಬದಲಿಸಿದರೂ ಅದು ಮಾತ್ರ ಬದಲಾಗಿರಲಿಲ್ಲ. ಯಾರೂ ನಿಂತು ಬಡಿಸುವಂತಿಲ್ಲ. ಕೊಡುವವರು, ಪಡೆಯುವವರು ಒಂದೇ ಮೇಜಿಗೆ ಬೆರೆತು ಕೂರಬೇಕು, ಪಾತ್ರೆ ಕೈಯಿಂದ ಕೈಗೆ ಹೋಗಬೇಕು. "ಬಾಗಿಲಿಂದ ಇಣುಕಿದವನಿಗೆ ಯಾರು ಯಾರೂಂತ ಗೊತ್ತಾಗಬಾರದು," ಅನ್ನುತ್ತಿದ್ದರು. "ಗೊತ್ತಾದ್ರೆ ಅದು ಊಟ ಅಲ್ಲ, ಪ್ರದರ್ಶನ."

ಒಂದು ದಿನ ಪಾದ್ರಿ ಓಡಿಬಂದರು. ಅವರು ತೆಂಗಿನ ಮರದಷ್ಟು ಎತ್ತರ, ಮೊಲದಷ್ಟು ಧೈರ್ಯ. ಉಸಿರು ಸಿಕ್ಕಿದ ಮೇಲೆ ಹೇಳಿದರು: "ಇಟ್ಟಿಗೆ ಧಣಿ ಕಟ್ಟಡ ಕೊಡ್ತಾರಂತೆ. ಹೆದ್ದಾರಿ ಪಕ್ಕ ಹೊಸದಾಗಿ ಕಟ್ಟಿದಾರಲ್ಲ, ಎರಡು ಅಂತಸ್ತು. ಶಾಶ್ವತವಾಗಿ."

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಆದರೆ ಆ ದಿನ ಸ್ವರ್ಗಕ್ಕೆ ಅತಿ ಗಟ್ಟಿಯಾಗಿ ಮುಟ್ಟಿದ್ದು ಸೊಸೆಯ "ಆಮೆನ್". ಅದರ ಏಟಿಗೆ ಬೀದಿ ಕೊನೆಯ ನಾಯಿ ಎದ್ದು ಕೂತಿತು.

ಅಂದಿನಿಂದ ಕಂಡಕ್ಟರಮ್ಮ ಬೇರೆ ಮನುಷ್ಯಳೇ ಆದಳು. ಟಿಕೆಟ್ ಹರಿಯುತ್ತ ಹಾಡು ಗುನುಗಿದಳು. ಅವಳ ಕಣ್ಣ ಮುಂದೆ ಆಗಲೇ ಕಿಟಕಿಗೆ ಹಳದಿ ಪರದೆ, ಅದರ ಪಕ್ಕ ಕುರ್ಚಿ, ಕುರ್ಚಿಯ ಮುಂದೆ ಕಾಲು ಚಾಚಲು ಒಂದು ಮಣೆ. ಮಣೆ ಮಾಡಿಕೊಡಲು ಗಂಡನಿಗೆ ಹೇಳಿದಳು. "ಮರ ನೋಡ್ಬೇಕು," ಅಂದ ಅವನು, ಕಾಡಿನ ನಡುವೆ ನಿಂತು.

ಧಣಿ ನೆರೆಮನೆಯನ್ನು ಕಣ್ಣಾರೆ ನೋಡಲು ಬಂದ ದಿನವೇ ಎಡವಟ್ಟಾಯಿತು. ಬರುತ್ತೇನೆಂದು ಅವನು ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟ ನಡೆದಿತ್ತು. ಕುರಿ ಕಾಯುವವನ ಹೆಂಡತಿ ಮಕ್ಕಳೊಂದಿಗೆ ಬಂದಿದ್ದಳು. ಗಂಡ ಬಂಡೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಪೇಟೆಗೆ ಬರುವವರು ಹೇಗೆ ಬರುತ್ತಾರೆ? ಇರುವುದರಲ್ಲಿ ಒಳ್ಳೆಯದನ್ನು ಒಗೆದು, ಮಡಿಕೆ ಬೀಳಿಸಿ, ತಲೆ ನೀಟಾಗಿ ಬಾಚಿ. ಅವಳು ಕೂತಿದ್ದ ಠೀವಿಗೆ ಜಿಲ್ಲೆಯ ನ್ಯಾಯಾಧೀಶೆಯೂ ಎದ್ದು ಕುರ್ಚಿ ಬಿಟ್ಟುಕೊಡಬೇಕಿತ್ತು. ಕಂಡಕ್ಟರಮ್ಮನಾದರೋ ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರ ನೆನೆಹಾಕಿ, ಗಂಡನ ಮೊಣಕೈ ಹರಿದ ಸ್ವೆಟರ್ ತೊಟ್ಟು, ಕೆದರಿದ ತಲೆಯಲ್ಲಿ, ಕುರಿಯವಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಯುತ್ತಿದ್ದಳು.

ಧಣಿ ಹೊಸ್ತಿಲಲ್ಲಿ ನಿಂತು ಮೇಜನ್ನು ನೋಡಿದ. ಹಿಂದೆ ಒಬ್ಬ ಫೋಟೋದವನು. ಧಣಿ ನೆಟ್ಟಗೆ ಕುರಿಯವಳ ಹತ್ತಿರ ಹೋಗಿ ಕೈ ಮುಗಿದ: "ಮೇಡಂ, ತಮ್ಮಂಥವರ ಸೇವೆ ದೊಡ್ಡದು." ಆಮೇಲೆ ಕಂಡಕ್ಟರಮ್ಮನ ಕಡೆ ತಿರುಗಿ, ಅವಳ ತಲೆಯ ಮೇಲೆ ಇಟ್ಟಿಗೆಯಷ್ಟು ಭಾರದ ಕೈ ಇಟ್ಟ.

"ಅಳಬೇಡ ತಾಯಿ. ಇನ್ನು ನಿನಗೆ ಹಸಿವಿಲ್ಲ."

ಅವಳು ಅಳುತ್ತಿರಲಿಲ್ಲ. ಗಂಜಿ ಬಿಸಿಯಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಅಷ್ಟೇ. ಫೋಟೋದವನು ಬೆಳಕು ಮಿಂಚಿಸಿದ. ಹುಟ್ಟಿದಾಗಿನಿಂದ ಆ ದಿನದವರೆಗೆ ಸುಮ್ಮನಿದ್ದ ದಾಖಲೆಯಿಲ್ಲದ ಹೆಂಗಸು ಬಾಯಿ ತುಂಬ ಗಂಜಿಯಿಟ್ಟುಕೊಂಡು ಸುಮ್ಮನೆ ಕೂತಳು. ನುಂಗಿ ಬಾಯಿ ಬಿಡುವಷ್ಟರಲ್ಲಿ ಧಣಿಯ ಕಾರು ಬೀದಿ ದಾಟಿತ್ತು.

ಮೊದಲು ನಕ್ಕವಳು ಕುರಿಯವಳು. ಆಮೇಲೆ ಎಲ್ಲರೂ. ನಕ್ಕು ನಕ್ಕು ಎದೆ ಹಿಡಿದುಕೊಂಡ ಅತ್ತೆಗೆ ನೀರು ಕುಡಿಸಬೇಕಾಯಿತು.

"ಇನ್ನು ನಿನಗೆ ಹಸಿವಿಲ್ಲ ತಾಯಿ," ಅಂತ ಗಂಡ ರಾತ್ರಿ ಊಟಕ್ಕೆ ಅವಳ ಪಾಲಿನ ಮೊಟ್ಟೆ ಎಗರಿಸಿದ.

"ನಾನು ಧಣಿಗಳ ಹತ್ರ ಹೋಗಿ ತಪ್ಪು ತಿಳಿಸ್ಲಾ?" ಅಂತ ಪಾದ್ರಿ ಮರುದಿನ ಕೇಳಿದರು, ತಿಳಿಸುವುದು ಬೇಡ ಅನ್ನಲಿ ಎಂಬ ಆಸೆಯಲ್ಲಿ.

"ಬೇಡಿ ಅಯ್ಯನವರೇ. ಭಿಕ್ಷುಕಿ ಅಂದ್ಕೊಳ್ಳಲಿ, ರಾಣಿ ಅಂದ್ಕೊಳ್ಳಲಿ. ನನ್ನ ಕೋಣೆ ನನಗೆ ಬಂದ್ರೆ ಸಾಕು."

ಎರಡು ವಾರ ಕಳೆಯಿತು. ಹೆದ್ದಾರಿಯ ಆ ಕಟ್ಟಡದ ಮೇಲೆ ಮರದ ಹಲಗೆಗಳ ಒಂದು ಬೋರ್ಡು ಎದ್ದಿತು. ಎಷ್ಟು ದೊಡ್ಡದೆಂದರೆ ಅದರ ನೆರಳಲ್ಲಿ ಒಂದು ಮದುವೆ ಮಾಡಬಹುದಿತ್ತು. ಅದರ ತುಂಬ ಕಂಡಕ್ಟರಮ್ಮನ ಮುಖ. ಕೆದರಿದ ಕೂದಲು, ತುಂಬಿದ ಕಣ್ಣು, ಒಂದೊಂದು ಹನಿ ಕುಂಬಳಕಾಯಿಯಷ್ಟು. ತಲೆಯ ಮೇಲೆ ಉಂಗುರದ ಕೈ. ಕೆಳಗೆ ಧಣಿಯ ಹೆಸರು, 'ಕಣ್ಣೀರು ಒರೆಸುವ ಕೈ' ಎಂಬ ಬರಹ.

ಆ ದಾರಿಯಲ್ಲೇ ಅವಳ ಬಸ್ಸು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಪ್ರಯಾಣಿಕರು ಬೋರ್ಡು ನೋಡುತ್ತಿದ್ದರು, ಅವಳನ್ನು ನೋಡುತ್ತಿದ್ದರು.

"ಕಂಡಕ್ಟರಮ್ಮ, ಚಿಲ್ಲರೆ ನೀವೇ ಇಟ್ಕೊಳ್ಳಿ. ಪಾಪ, ಹಸಿವು," ಅಂದ ಒಬ್ಬ.

"ನಿನ್ನ ಹಲ್ಲು ನೀನೇ ಇಟ್ಕೋ, ಬೇಕಾಗತ್ತೆ," ಅಂದಳು. ಬಸ್ಸು ನಕ್ಕಿತು. ಅವಳೂ ನಕ್ಕಳು. ಹಳದಿ ಪರದೆಯನ್ನು ನೆನೆಸಿಕೊಂಡು ಇನ್ನೆರಡು ದಿನ ನಕ್ಕಳು.

ನಗದೆ ಕೂತವಳು ಕುರಿಯವಳು ಒಬ್ಬಳೇ. ನೆರೆಮನೆ ಕೊಟ್ಟಿದ್ದ ತೊಟ್ಟಿಲನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಇದನ್ನ ಅಜ್ಜಿಗೆ ವಾಪಸ್ ಕೊಟ್ಬಿಡಿ ಅಕ್ಕ."

"ಕೂಸು ಇನ್ನೂ ಅಂಗೈ ಅಗಲ ಇದೆ. ಯಾಕೆ ವಾಪಸ್ಸು?"

"ಹೊಸ ಕಟ್ಟಡಕ್ಕೆ ಬಂದವರ ಫೋಟೋ ಎಲ್ಲ ಗೋಡೆಗೆ ಹಾಕ್ತಾರಂತೆ. ಏನು ಕಷ್ಟ ಅಂತ ಕೆಳಗೆ ಬರೀತಾರಂತೆ. ಪಾದ್ರಿಗಳೇ ಹೇಳಿದ್ರು, ಪಾಪ ತಲೆ ತಗ್ಗಿಸ್ಕೊಂಡು." ಅವಳು ಕಿಟಕಿಯಾಚೆ ನೋಡಿದಳು. "ನನ್ನ ದೊಡ್ಡ ಮಗಳು ಶಾಲೆಗೆ ಈ ದಾರೀಲೇ ಹೋಗ್ತಾಳೆ. ನೀವು ನಗಬಹುದು ಅಕ್ಕ. ಸಂಬಳ ಬರತ್ತೆ, ಸಮವಸ್ತ್ರ ಇದೆ. ನಾವು ನಗೋಕಾಗಲ್ಲ. ನಮ್ಮದು ನಿಜ."

ಕಂಡಕ್ಟರಮ್ಮನ ಕೈಯಲ್ಲಿ ಟಿಕೆಟ್ ಹಾಗೇ ಉಳಿಯಿತು. ಮುಂದಿನ ನಿಲ್ದಾಣಕ್ಕೆ ಅವಳು ಕೂಗಲಿಲ್ಲ. ಚಾಲಕ ಗಾಬರಿಯಾಗಿ ಬಸ್ಸು ನಿಲ್ಲಿಸಿ, ಇಳಿದು ಹಿಂದೆ ಬಂದು, ಅವಳಿದ್ದಾಳೋ ಬಿದ್ದಳೋ ಅಂತ ನೋಡಿದ.

ಆ ಸಂಜೆ ಅಡುಗೆಮನೆಯಲ್ಲಿ ಪಾದ್ರಿ ಸಿಕ್ಕಿಬಿದ್ದರು. ಚಹಾಕ್ಕೆಂದು ಬಂದಿದ್ದರು, ಚಹಾ ಆರಿಹೋಯಿತು.

"ನಿಮಗೆ ಮೊದಲೇ ಗೊತ್ತಿತ್ತಾ ಅಯ್ಯನವರೇ?"

"ಷರತ್ತು ಅಂತಲ್ಲ, ಧಣಿಗಳ ಅಪೇಕ್ಷೆ..."

"ಅಪೇಕ್ಷೆಗೆ ಅಷ್ಟು ದೊಡ್ಡ ಬೋರ್ಡು ಬರತ್ತಾ? ನಮಗೆ ಬೇಡ ಅಂತ ಹೇಳಿ."

ಅತ್ತೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದರು. "ಬೇಡ ಅನ್ನೋಕೆ ನೀನು ಯಾರು? ಇಷ್ಟು ದಿನ ಹೊರಗೆ ಹಾಕಿ ಹೊರಗೆ ಹಾಕಿ ಅಂದೋಳು ನೀನೇ."

"ನಾನೇ. ಈಗ್ಲೂ ಅಂತೀನಿ. ಆದ್ರೆ ಅಲ್ಲಿಗಲ್ಲ."

"ನನ್ನ ವಯಸ್ಸು ಗೊತ್ತಾ ನಿನಗೆ? ಎಷ್ಟು ಜಗಲಿ, ಎಷ್ಟು ಗೋದಾಮು ಸುತ್ತಿದೀನಿ. ಕಣ್ಣು ಮುಚ್ಚೋ ಮೊದಲು ನೆರೆಮನೆಗೆ ಒಂದು ಸೂರು ನೋಡ್ಬೇಕು. ಫೋಟೋ ತಾನೆ, ತೆಗೀಲಿ. ಹೊಟ್ಟೆ ತುಂಬತ್ತಲ್ಲ."

"ಅತ್ತೆ, ಯಾರು ಯಾರೂಂತ ಗೊತ್ತಾಗಬಾರದು ಅಂದವರು ಯಾರು?"

ಅತ್ತೆ ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡರು.

ಗಂಡ ನಿಧಾನವಾಗಿ ಬಾಯಿ ಬಿಟ್ಟ. "ಧಣಿಯನ್ನ ಎದುರು ಹಾಕ್ಕೊಂಡ್ರೆ ಅಚ್ಚಿನ ಕೆಲಸ ಹೋಗತ್ತೆ. ಯೋಚ್ನೆ ಮಾಡು."

"ಮಾಡಿದೀನಿ. ನೀವು ಬೇರೆ ಏನೂ ಮಾಡೋಕೆ ಬರದವರಾ? ತೊಟ್ಟಿಲು ಮಾಡಿ, ಬಾಗಿಲು ಮಾಡಿ."

"ಅಮ್ಮ ಹೇಳೋದು ಸರಿ," ಅಂದಳು ಮಗಳು ಒಲೆಗಳ ನಡುವಿನಿಂದ. "ಆ ಬೋರ್ಡು ನೋಡಿ ನನ್ನ ತರಗತೀಲಿ ನನಗೆ ಹಳೇ ಶೂ ತಂದ್ಕೊಟ್ರು. ಚಿಕ್ಕದು ಬೇರೆ."

ಮನೆಯಲ್ಲಿ ಮಾತು ನಿಂತಿತು. ಒಂದು ವಾರ ಅತ್ತೆ ಸೊಸೆಗೆ ಉಪ್ಪು ಬೇಕಾದರೂ ಮೊಮ್ಮಗಳ ಮೂಲಕ ಕೇಳಿದರು. ಗಂಡ ಶೆಡ್ಡಿನಲ್ಲಿ ಅಚ್ಚುಗಳನ್ನು ಬಡಿದ ಸದ್ದು ಗುಡುಗಿಗೆ ನಾಚಿಕೆಯಾಗುವಂತಿತ್ತು. ಪಾದ್ರಿ ಧಣಿಗೆ ಬೇಡ ಅನ್ನಲೂ ಇಲ್ಲ, ಬೇಕು ಅನ್ನಲೂ ಇಲ್ಲ. ಹಾಗೇ ಹಸ್ತಾಂತರದ ದಿನ ಬಂತು.

ಕಟ್ಟಡದ ಮುಂದೆ ಶಾಮಿಯಾನ, ಕುರ್ಚಿ, ಮೈಕು. ಮೊದಲ ಸಾಲಿನಲ್ಲಿ ಅತ್ತೆ, ಒತ್ತಾಯಕ್ಕೆ ಬಂದ ಗಂಡ, ಶಾಲೆಗೆ ರಜೆ ಹಾಕಿದ ಮಗಳು. ಬಾಗಿಲ ಬಳಿ ಫೋಟೋದವನು ಮೂರು ಕಾಲಿನ ಕ್ಯಾಮೆರಾ ನೆಟ್ಟಿದ್ದ. ಅದರ ಮುಂದೆ ಸರದಿಯಲ್ಲಿ ನಿಂತವರು ಬೆರಳೆಣಿಕೆಯ ಹಳ್ಳಿಯವರು, ತಲೆ ತಗ್ಗಿಸಿ, ಒಗೆದ ಬಟ್ಟೆಯಲ್ಲಿ. ಕಂಡಕ್ಟರಮ್ಮ ಬಂದಿರಲಿಲ್ಲ. ಅವಳಿಗೆ ಪಾಳಿ ಇತ್ತು.

ಧಣಿ ಮೈಕು ಹಿಡಿದು ಕೆಮ್ಮುತ್ತಿದ್ದಾಗ ಬಸ್ಸು ಬಂತು. ಬಂದದ್ದು ಹೋಗಲಿಲ್ಲ. ಶಾಮಿಯಾನದ ಎದುರಿಗೆ ನಿಂತಿತು. ಒಳಗಿದ್ದ ನೂರೈವತ್ತು ಜನ ಒಂದೇ ಪಕ್ಕಕ್ಕೆ ವಾಲಿ ಕಿಟಕಿಗಳಲ್ಲಿ ಮುಖ ಇಟ್ಟರು, ಬಸ್ಸೂ ವಾಲಿತು. ಇಸ್ತ್ರಿ ಹಾಕಿದ ಸಮವಸ್ತ್ರದಲ್ಲಿ, ಹೆಗಲಿಗೆ ಚೀಲ ತಗುಲಿಸಿಕೊಂಡು ಕಂಡಕ್ಟರಮ್ಮ ಇಳಿದು ಬಂದಳು.

"ಏನಮ್ಮ, ಇಲ್ಲಿ ಸ್ಟಾಪ್ ಇಲ್ಲ," ಅಂದ ಧಣಿ.

"ಗೊತ್ತು ಸ್ವಾಮಿ, ಸ್ಟಾಪುಗಳ ಲೆಕ್ಕ ನನ್ನದೇ. ಒಂದು ವಿಷಯ ಕೇಳೋಣ ಅಂತ ಬಂದೆ. ಆ ಬೋರ್ಡಲ್ಲಿರೋ ಹೆಂಗಸು ಯಾರು?"

"ಒಬ್ಬ ಬಡ ತಾಯಿ. ಹಸಿದಿದ್ಲು. ನಾನು ಕೈ ಹಿಡಿದೆ."

"ಹೆಸರು?"

ಧಣಿ ಪಾದ್ರಿಯ ಕಡೆ ನೋಡಿದ. ಪಾದ್ರಿ ಆಕಾಶದ ಕಡೆ ನೋಡಿದರು.

"ಕೇಳಿಲ್ಲ ಅಲ್ವಾ? ಈಗ ಕೇಳಿ. ಎದುರಿಗೇ ಇದಾಳೆ."

ಅವಳು ತಲೆಯ ಟೋಪಿ ತೆಗೆದು ಕೂದಲನ್ನು ಎರಡೂ ಕೈಯಿಂದ ಕೆದರಿ, ಬೋರ್ಡಿನ ಕೆಳಗೆ ಅದೇ ಭಂಗಿಯಲ್ಲಿ ಮುಖ ಎತ್ತಿದಳು. ಮೊದಲು ಬಸ್ಸು ನಕ್ಕಿತು, ಆಮೇಲೆ ಶಾಮಿಯಾನ, ಆಮೇಲೆ ಸರದಿಯಲ್ಲಿ ನಿಂತವರು ತಲೆ ಎತ್ತಿ ನಕ್ಕರು. ಫೋಟೋದವನು ಕ್ಯಾಮೆರಾದ ಬಟ್ಟೆಯೊಳಗೆ ತಲೆ ಹುದುಗಿಸಿದ.

ಅವಳು ನಗಲಿಲ್ಲ. "ಸ್ವಾಮಿ, ನಾನು ದುಡೀತೀನಿ, ತಿಂತೀನಿ. ನನ್ನನ್ನೇ ಹೀಗೆ ನೇತುಹಾಕಿದೀರಿ. ನಿಜವಾಗ್ಲೂ ಹಸಿದವರನ್ನ ಎಷ್ಟು ದೊಡ್ಡದಾಗಿ ಹಾಕ್ತೀರಿ? ಫೋಟೋ ಇಲ್ಲದೆ ಕೊಡೋ ಹಾಗಿದ್ರೆ ಕೊಡಿ, ಕೈ ಮುಗೀತೀವಿ. ಇಲ್ಲಾಂದ್ರೆ ನೆರೆಮನೆಗೆ ನಿಮ್ಮ ಮನೆ ಬೇಡ."

"ಬೇಡ ಅಂದ್ರೆ ಬೀದೀಲಿ ಬೀಳ್ತೀರಿ."

"ಬೀದಿ ನನಗೆ ಹೊಸದಲ್ಲ."

ಧಣಿ ಅತ್ತೆಯ ಕಡೆ ತಿರುಗಿದ. "ಏನಜ್ಜಿ, ಈ ಹೆಂಗಸಿನ ಮಾತೇ ಕೊನೆಯೋ?"

ಅತ್ತೆ ಎದ್ದರು. ಮಂಡಿ ನೋವಿನವರು, ಏಳಲು ಒಂದು ಯುಗ ಹಿಡಿಯಿತು. ಸರದಿಯವರನ್ನು ನೋಡಿದರು, ಬೋರ್ಡು ನೋಡಿದರು.

"ನನ್ನದೇ ಮಾತು ಅದು. ನಾನು ಮರ್ತಿದ್ದೆ, ನನ್ನ ಸೊಸೆ ನೆನಪಿಟ್ಟಿದ್ಲು," ಅಂದರು. "ಎಲ್ಲರೂ ಬನ್ನಿ, ಮನೇಲಿ ಗಂಜಿ ಇದೆ."

"ನಾಳೆಯಿಂದ ಅಚ್ಚು ಬೇಡ," ಅಂದ ಧಣಿ ಬಡಗಿಗೆ.

ಬಡಗಿ ಒಂದು ಕ್ಷಣ ನೆಲ ನೋಡಿದ. ಆಮೇಲೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಚರ್ಚಿಗೂ ಅದನ್ನು ಬಿಟ್ಟು ಹೋದವನಲ್ಲ. "ಹಾಗಾದ್ರೆ ನನ್ನ ಹೆಂಡತಿ ಮುಖ ನಾನು ಇಳಿಸ್ಕೊಂಡು ಹೋಗ್ತೀನಿ," ಅಂತ ಗೋಡೆಗೆ ಒರಗಿಸಿದ್ದ ಏಣಿ ಹತ್ತಿದ. ಯಾರೂ ತಡೆಯಲಿಲ್ಲ. ತಡೆಯುವುದು ಹೇಗೆ, ನೂರೈವತ್ತು ಜನ ಬಸ್ಸಿನಿಂದ ಇಳಿದು ಏಣಿ ಹಿಡಿದಿದ್ದರು. ಬೋರ್ಡು ಹಲಗೆ ಹಲಗೆಯಾಗಿ ಬಸ್ಸಿನ ಮಾಡು ಹತ್ತಿತು. ಲಗೇಜಿಗೂ ಗಂಡನಿಗೂ ಕಂಡಕ್ಟರಮ್ಮ ಟಿಕೆಟ್ ಹರಿದಳು.

"ಈಗ ಇದನ್ನೆಲ್ಲ ಎಲ್ಲಿ ಇಡೋದು?" ಅಂದ ಅವನು ದಾರಿಯಲ್ಲಿ. "ನೆರೆಮನೇನ ಎಲ್ಲಿ ಇಡೋದು?"

"ಶೆಡ್ಡಲ್ಲಿ."

"ಶೆಡ್ಡಲ್ಲಿ ಮರ ಇದೆ."

"ಮುಂದೆ ಒಂದಿನ ಬೇಕಾಗತ್ತೆ ಅಂತಿದ್ರಲ್ಲ. ಆ ದಿನ ಇವತ್ತು."

ಅವನು ಕಿಟಕಿಯಾಚೆ ನೋಡುತ್ತ ಕೂತ. ಮನೆ ಬರುವವರೆಗೂ ನೋಡಿದ. ಇಳಿಯುವಾಗ, "ದೋಣಿ ಮಾತ್ರ ಕೊಡಲ್ಲ," ಅಂದ.

ಮುಂದಿನ ವಾರಗಳಲ್ಲಿ ಆ ಶೆಡ್ಡಿನಿಂದ ಹೊರಬಂದ ಮರದಲ್ಲಿ ಒಂದು ಪಟ್ಟಣ ಕಟ್ಟಬಹುದಿತ್ತು. ತಾತನ ತೊಲೆಗಳು ಬೆಂಚಾದವು, ಕಿಟಕಿಯ ಚೌಕಟ್ಟು ಕಿಟಕಿಯೇ ಆಯಿತು. ದೋಣಿಯ ಅರ್ಧ ಕೊನೆಗೆ ಕಪಾಟಾಯಿತು, ಅವನೇ ಕೊಟ್ಟ. ಶೆಡ್ಡು ಅತ್ತೆಯ ಹೆಸರಿನಲ್ಲಿತ್ತು. ಅವರು ಅದನ್ನು ನೆರೆಮನೆಗೆ ಬರೆದುಕೊಟ್ಟರು, ಇನ್ನು ಯಾರೂ ಎಬ್ಬಿಸುವಂತಿಲ್ಲ. ಬಡಗಿಯ ಉಳಿ ಸುತ್ತಿಗೆ ಹಿತ್ತಲ ಮರದ ಕೆಳಗೆ ಹೋದವು. ಅಚ್ಚಿನ ಕೆಲಸ ನಿಂತಿದ್ದಕ್ಕೆ ಮೊಟ್ಟೆ ಊಟದ ಮೇಜಿನಿಂದ ಕೆಲಕಾಲ ಕಾಣೆಯಾಯಿತು, ಗಂಜಿ ತೆಳ್ಳಗಾಯಿತು. ಹಿತ್ತಲಲ್ಲಿ ಅವನು ತೊಟ್ಟಿಲು ಮಾಡತೊಡಗಿದ. ಮೊದಲನೆಯದನ್ನು ಕೊಳ್ಳಲು ಬಂದವನು ಬಸ್ಸಿನಲ್ಲಿ 'ಚಿಲ್ಲರೆ ನೀವೇ ಇಟ್ಕೊಳ್ಳಿ' ಅಂದಿದ್ದವನೇ.

ಬೋರ್ಡಿನ ಹಲಗೆಗಳು ನೆರೆಮನೆಯ ಮೇಜಾದವು. ಅಷ್ಟು ಉದ್ದದ ಮೇಜು ರಾಜರ ಅರಮನೆಯಲ್ಲೂ ಇರಲಿಲ್ಲ. ಚಿತ್ರದ ಮಗ್ಗುಲನ್ನು ಕೆಳಗೆ ಮಾಡಿ ಜೋಡಿಸಿದ್ದರು. ಕಂಡಕ್ಟರಮ್ಮನ ಒಂದು ಕಣ್ಣು ಪಾದ್ರಿಯ ಮೊಣಕಾಲಿನ ಮೇಲೆ ಬರುತ್ತಿತ್ತು. ಅದಕ್ಕೇ ಈಗ ಅವರು ನೆಟ್ಟಗೆ ಕೂರುತ್ತಾರೆ ಅಂತ ಅತ್ತೆ ಹೇಳುತ್ತಿದ್ದರು.

ಹೊಸ ಜಾಗದಲ್ಲಿ ಮೊದಲ ಊಟದ ಸಂಜೆ ಕಂಡಕ್ಟರಮ್ಮ ಪಾಳಿ ಮುಗಿಸಿ ಬಂದಳು. ಮುಂದಿನ ಕೋಣೆ ಬರಿದಾಗಿತ್ತು. ಕಿಟಕಿಗೆ ಹಳದಿ ಪರದೆ, ಪಕ್ಕದಲ್ಲಿ ಕುರ್ಚಿ, ಅಲ್ಲಲ್ಲಿ ಹಿಟ್ಟು ಮೆತ್ತಿದ್ದರೂ ಬದುಕಿತ್ತು. ಮುಂದೆ ಒಂದು ಮಣೆ, ಗಂಡ ಯಾವಾಗ ಮಾಡಿಟ್ಟನೋ. ಅವಳು ಕೂತಳು. ಕಾಲು ಚಾಚಿದಳು. ನಿಟ್ಟುಸಿರಿಗೆ ಪರದೆ ಮಾಡಿನವರೆಗೂ ಹಾರಿತು.

ಹಿತ್ತಲಿನಿಂದ ಪಾತ್ರೆಯ ಸದ್ದು, ಕೂಸಿನ ಅಳು. ಆಮೇಲೆ ಮಗಳ ದನಿ: "ಅಜ್ಜಿ, ಬೆಂಚೆಲ್ಲ ತುಂಬೋಯ್ತು. ಬಾಗಿಲಲ್ಲಿ ಇನ್ನೂ ಒಂದು ಮನೆಯವರು ನಿಂತಿದಾರೆ."

"ನಾವು ನಾಳೆ ಬರ್ತೀವಿ ಬಿಡಿ," ಅಂದಿತು ಯಾರದೋ ಸಂಕೋಚದ ದನಿ.

ಕಂಡಕ್ಟರಮ್ಮ ಕುರ್ಚಿಯಿಂದ ಏಳಲಿಲ್ಲ. ಇಷ್ಟು ಕಷ್ಟಪಟ್ಟು ಗೆದ್ದ ಕುರ್ಚಿ, ಅದನ್ನು ಬಿಡುವಷ್ಟು ಸಂತಳಲ್ಲ ಅವಳು. ಕೂತಲ್ಲಿಂದಲೇ, ಎರಡು ಗೋಡೆ ಮತ್ತು ಒಂದು ಹಿತ್ತಲು ದಾಟುವಂತೆ, ಬಾಯಿ ತೆರೆದಳು.

"ಒಳಗೆ ಜಾಗ ಇದೆ, ಮುಂದೆ ಹೋಗಿ."

ಹಿತ್ತಲಲ್ಲಿ ಬೆಂಚುಗಳು ಕಿರುಗುಟ್ಟಿದವು. ಜನ ಸರಿದು ಕೂತರು.